ರೆಸಾರ್ಟ್‌ನ ಊಟದ ಪ್ಲಾನ್‌ಗೆ ಮೊದಲೇ ದುಡ್ಡು ಕಟ್ಟಬೇಕಾ? ಒಂದು ಹಾಳೆ ತಗೊಳ್ಳಿ, ಲೆಕ್ಕ ಹಾಕೋಣ

ರೂಮ್ ಬುಕ್ ಮಾಡಿ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಪ್ರಶ್ನೆ ಎದುರಾಗುತ್ತದೆ: ‘ಊಟವನ್ನೂ ಸೇರಿಸಬೇಕೇ?’ ಪಕ್ಕದಲ್ಲಿ ತಲೆಗೆ ದಿನಕ್ಕೆ ಇಷ್ಟು ಅಂತ ಒಂದು ಮೊತ್ತ. ಜಾಸ್ತಿ ಅನಿಸುತ್ತದೆ. ಆದರೆ ಅಲ್ಲಿಗೆ ಹೋದ ಮೇಲೆ ಇನ್ನೂ ದುಬಾರಿಯಾದರೆ ಏನು ಮಾಡೋದು ಅನ್ನುವ ಅಳುಕೂ ಇರುತ್ತದೆ. ತಗೊಳ್ಳಬೇಕಾ, ಬಿಡಬೇಕಾ ಅಂತ ಓದುಗರು ಮತ್ತೆ ಮತ್ತೆ ಕೇಳುವುದು ಇದನ್ನೇ.

ಎಲ್ಲರಿಗೂ ಹೊಂದುವ ಒಂದೇ ಉತ್ತರ ಇದಕ್ಕಿಲ್ಲ. ಆದರೆ ಅರ್ಧ ಗಂಟೆ ಕೂತು ಲೆಕ್ಕ ಹಾಕಿದರೆ ನಿಮ್ಮ ಉತ್ತರ ನಿಮಗೆ ಸಿಗುತ್ತದೆ. ಒಂದು ಮಾತನ್ನು ಈಗಲೇ ಹೇಳಿಬಿಡುತ್ತೇನೆ. ಪ್ಲಾನ್ ಅಗ್ಗವೋ ದುಬಾರಿಯೋ ಅನ್ನೋದು ಅದರ ಬೆಲೆ ನೋಡಿದರೆ ಗೊತ್ತಾಗುವುದಿಲ್ಲ. ನೀವು ಅಲ್ಲಿ ಕೂತು ನಿಜವಾಗಿ ಎಷ್ಟು ಹೊತ್ತಿನ ಊಟ ಮಾಡುತ್ತೀರಿ ಅಂತ ಎಣಿಸಿದರೆ ಮಾತ್ರ ಗೊತ್ತಾಗುತ್ತದೆ.

ಒಂದು ಹಾಳೆ, ಪೆನ್ನು, ನಿಮ್ಮ ಪ್ರಯಾಣದ ಸಮಯ, ರೆಸಾರ್ಟ್‌ನ ಮೆನು ಮತ್ತು ಅದರ ಬೆಲೆಪಟ್ಟಿ ಇಟ್ಟುಕೊಳ್ಳಿ. ಮೆನು ವೆಬ್‌ಸೈಟ್‌ನಲ್ಲಿ ಇಲ್ಲದಿದ್ದರೆ ಫೋನ್ ಮಾಡಿ ಕೇಳಿ, ಫೋಟೋ ತೆಗೆದು ಕಳಿಸಲು ಹೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಹಂತ 1: ಪ್ಲಾನ್‌ನ ಹೆಸರು ಏನು ಹೇಳುತ್ತದೆ ಅಂತ ತಿಳಿದುಕೊಳ್ಳಿ

ಬುಕಿಂಗ್ ಪುಟದಲ್ಲಿ ಇಪಿ, ಸಿಪಿ, ಎಂಎಪಿ, ಎಪಿ ಅಂತ ಎರಡು ಮೂರು ಅಕ್ಷರಗಳ ಹೆಸರುಗಳಿರುತ್ತವೆ. ಅರ್ಥ ಸರಳ.

ಇಪಿ ಅಂದರೆ ಯುರೋಪಿಯನ್ ಪ್ಲಾನ್. ರೂಮ್ ಮಾತ್ರ, ಊಟ ಏನೂ ಇಲ್ಲ. ಸಿಪಿ ಅಂದರೆ ಕಾಂಟಿನೆಂಟಲ್ ಪ್ಲಾನ್, ರೂಮ್ ಜೊತೆ ಬೆಳಗಿನ ತಿಂಡಿ. ಎಂಎಪಿ ಅಂದರೆ ಮಾಡಿಫೈಡ್ ಅಮೆರಿಕನ್ ಪ್ಲಾನ್. ಇದರಲ್ಲಿ ತಿಂಡಿಯ ಜೊತೆ ಇನ್ನೊಂದು ಊಟ ಇರುತ್ತದೆ, ಸಾಮಾನ್ಯವಾಗಿ ರಾತ್ರಿಯದು. ಇದನ್ನೇ ಹಾಫ್ ಬೋರ್ಡ್ ಅಂತಲೂ ಕರೆಯುತ್ತಾರೆ. ಎಪಿ ಅಂದರೆ ಅಮೆರಿಕನ್ ಪ್ಲಾನ್ ಅಥವಾ ಫುಲ್ ಬೋರ್ಡ್. ಮೂರೂ ಹೊತ್ತು ಸೇರಿರುತ್ತದೆ. ಹಿಂದೆ ಅಮೆರಿಕದ ಹೋಟೆಲ್‌ಗಳು ರೂಮಿನ ಬಾಡಿಗೆಯಲ್ಲೇ ಊಟ ಸೇರಿಸುತ್ತಿದ್ದವು. ಆ ಪದ್ಧತಿಯಿಂದ ಬಂದ ಹೆಸರಿದು.

ಎಲ್ಲಕ್ಕಿಂತ ದೊಡ್ಡದು ಆಲ್ ಇನ್‌ಕ್ಲೂಸಿವ್. ಊಟ, ತಿನಿಸು, ಪಾನೀಯ, ಕೆಲವು ಕಡೆ ಆಟೋಟಗಳೂ ಸೇರಿರುತ್ತವೆ. ಎಲ್ಲಕ್ಕೂ ಸೇರಿಸಿ ಒಂದೇ ಸಲ ದುಡ್ಡು ಕೊಡುವ ಈ ರಜೆಯನ್ನು ಜನಪ್ರಿಯ ಮಾಡಿದ್ದು ಕ್ಲಬ್ ಮೆಡ್ ಎಂಬ ರೆಸಾರ್ಟ್ ಸಂಸ್ಥೆ. 1950ರಲ್ಲಿ ಸ್ಪೇನಿನ ಮಯೋರ್ಕಾ ದ್ವೀಪದಲ್ಲಿ ಟೆಂಟ್ ಹಾಕಿ ಅದು ಶುರುವಾಯಿತು. ಇವತ್ತು ಈ ಮಾತನ್ನು ಎಲ್ಲರೂ ಬಳಸುತ್ತಾರೆ. ಆದರೆ ಒಬ್ಬರ ‘ಆಲ್’ ಇನ್ನೊಬ್ಬರದ್ದಲ್ಲ. ಹೆಸರು ನಂಬಿ ಕೂರಬೇಡಿ, ಪಟ್ಟಿ ಕೇಳಿ.

ಇನ್ನೊಂದು ಬಗೆ ಕ್ರೆಡಿಟ್ ಪ್ಲಾನ್. ಇಲ್ಲಿ ಊಟದ ಬದಲು ಕೂಪನ್ ಥರದ ಎಣಿಕೆ ಇರುತ್ತದೆ. ಫ್ಲೋರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನ ಡೈನಿಂಗ್ ಪ್ಲಾನ್ ಇದಕ್ಕೆ ಹೆಸರುವಾಸಿ. 2020ರಲ್ಲಿ ನಿಂತುಹೋಗಿದ್ದ ಅದು 2024ರ ಜನವರಿಯಲ್ಲಿ ಮತ್ತೆ ಶುರುವಾಯಿತು. ರಾತ್ರಿಗೆ ಇಷ್ಟು ಅಂತ ಕ್ರೆಡಿಟ್ ಕೊಡುತ್ತಾರೆ. ಕೌಂಟರ್‌ನಲ್ಲಿ ತಗೊಳ್ಳುವ ಊಟಕ್ಕೆ ಒಂದು ಬಗೆಯ ಕ್ರೆಡಿಟ್, ಕೂತು ತಿನ್ನುವ ಊಟಕ್ಕೆ ಇನ್ನೊಂದು, ಕುರುಕಲಿಗೆ ಮತ್ತೊಂದು. ದುಬಾರಿ ರೆಸ್ಟೋರೆಂಟ್‌ಗೆ ಹೋದರೆ ಒಂದೇ ಊಟಕ್ಕೆ ಎರಡು ಕ್ರೆಡಿಟ್ ಹೋಗುತ್ತದೆ. ಚೆಕ್‌ಔಟ್ ದಿನದ ಮಧ್ಯರಾತ್ರಿಗೆ ಉಳಿದದ್ದೆಲ್ಲ ರದ್ದು. ಇಂಥ ಪ್ಲಾನ್ ಎಲ್ಲೇ ಕಂಡರೂ ಮೂರು ವಿಷಯ ನೋಡಿಕೊಳ್ಳಿ: ಯಾವ ಕ್ರೆಡಿಟ್ ಎಲ್ಲಿ ನಡೆಯುತ್ತದೆ, ಎಷ್ಟು ಹೋಗುತ್ತದೆ, ಯಾವಾಗ ಸಾಯುತ್ತದೆ.

ಹಂತ 2: ಹಾಳೆಯಲ್ಲಿ ನಿಮ್ಮ ಊಟಗಳನ್ನು ಬರೆಯಿರಿ

ಇಡೀ ಲೇಖನದಲ್ಲಿ ಮುಖ್ಯವಾದದ್ದು ಇದೇ. ಅವಸರ ಮಾಡಬೇಡಿ.

ಎಡಗಡೆ ದಿನಗಳನ್ನು ಬರೆಯಿರಿ. ಮೇಲೆ ತಿಂಡಿ, ಮಧ್ಯಾಹ್ನ, ರಾತ್ರಿ ಅಂತ ಮೂರು ಕಾಲಂ. ಮೂರು ರಾತ್ರಿ ಉಳಿಯುವುದಾದರೆ ನಾಲ್ಕು ದಿನದ ಸಾಲು ಬರುತ್ತದೆ. ಇಲ್ಲೇ ಬಹಳ ಜನ ಎಡವುತ್ತಾರೆ. ಪ್ಲಾನ್ ಲೆಕ್ಕ ರಾತ್ರಿಗಳದ್ದು, ನಿಮ್ಮ ಹೊಟ್ಟೆಯ ಲೆಕ್ಕ ದಿನಗಳದ್ದು. ಮೂರು ರಾತ್ರಿಗೆ ಮೂರು ಹೊತ್ತಿನ ಪ್ಲಾನ್ ಅಂದರೆ ತಲಾ ಒಂಬತ್ತು ಊಟ. ಆ ಒಂಬತ್ತು ನಿಮ್ಮ ನಾಲ್ಕು ದಿನದ ಹನ್ನೆರಡು ಚೌಕಗಳಲ್ಲಿ ಎಲ್ಲಿ ಕೂರುತ್ತವೆ ಅನ್ನೋದೇ ಪ್ರಶ್ನೆ.

ಈಗ ಗಡಿಯಾರ ನೋಡಿ. ಚೆಕ್‌ಇನ್ ಮಧ್ಯಾಹ್ನ ಎರಡಕ್ಕೆ ಅಂದುಕೊಳ್ಳಿ. ನೀವು ತಲುಪುವುದು ನಾಲ್ಕಕ್ಕೆ. ಅಷ್ಟರಲ್ಲಿ ಮಧ್ಯಾಹ್ನದ ಊಟ ಮುಗಿದಿರುತ್ತದೆ. ಮೊದಲ ದಿನದ ಆ ಊಟ ನಿಮಗೆ ಸಿಗುವುದಿಲ್ಲ. ಕೊನೆಯ ದಿನ ಹನ್ನೊಂದಕ್ಕೆ ರೂಮ್ ಬಿಡಬೇಕು. ಮಧ್ಯಾಹ್ನದ ಊಟಕ್ಕೆ ಕಾಯುತ್ತೀರಾ? ಹೆಚ್ಚಿನವರು ಕಾಯುವುದಿಲ್ಲ. ಇನ್ನು ನಡುವಿನ ದಿನಗಳಲ್ಲಿ ಹೊರಗೆ ಸುತ್ತಾಡಲು ಹೋಗುತ್ತೀರಾ? ಹೋದರೆ ಮಧ್ಯಾಹ್ನದ ಊಟಕ್ಕೆ ಅಂತ ಯಾರೂ ವಾಪಸ್ ಬರುವುದಿಲ್ಲ.

ನಿಜವಾಗಿ ತಿನ್ನುವ ಊಟಕ್ಕೆ ಮಾತ್ರ ಸರಿ ಗುರುತು ಹಾಕಿ. ಆಸೆಗೆ ಹಾಕಬೇಡಿ. ಮನೆಯಲ್ಲೇ ತಿಂಡಿ ತಿನ್ನದೆ ಬರೀ ಕಾಫಿ ಕುಡಿದು ಓಡಾಡುವವರು ರೆಸಾರ್ಟ್‌ಗೆ ಹೋದ ತಕ್ಷಣ ಬದಲಾಗುವುದಿಲ್ಲ. ಬೆಳಿಗ್ಗೆ ಹತ್ತೂವರೆಗೆ ಏಳುವವರಿಗೆ ಹತ್ತಕ್ಕೆ ಮುಗಿಯುವ ತಿಂಡಿಯಿಂದ ಏನು ಉಪಯೋಗ?

ನಾನು ಒಂದು ಸಲ ಈ ಹಾಳೆ ಮಾಡದೆ ಮೂರೂ ಹೊತ್ತಿಗೆ ದುಡ್ಡು ಕಟ್ಟಿದ್ದೆ. ಬಸ್ ತಡವಾಯಿತು. ತಲುಪಿದಾಗ ಹತ್ತೂಕಾಲು. ಊಟದ ಹಾಲ್‌ನಲ್ಲಿ ಕುರ್ಚಿಗಳನ್ನು ಟೇಬಲ್ ಮೇಲೆ ಬೋರಲು ಹಾಕಿ ನೆಲ ಒರೆಸುತ್ತಿದ್ದರು. ದುಡ್ಡು ಕಟ್ಟಿದ್ದ ಊಟ ಹೋಯಿತು. ಬ್ಯಾಗ್‌ನಲ್ಲಿದ್ದ ಬಿಸ್ಕತ್ತು ತಿಂದು ಮಲಗಿದೆವು.

ಹಂತ 3: ಪ್ರತಿ ಊಟಕ್ಕೂ ಒಂದು ಬೆಲೆ ಹಾಕಿ

ಸರಿ ಗುರುತು ಬಿದ್ದ ಪ್ರತಿ ಚೌಕದಲ್ಲೂ, ಪ್ಲಾನ್ ಇಲ್ಲದಿದ್ದರೆ ಆ ಊಟಕ್ಕೆ ನೀವು ಎಷ್ಟು ಖರ್ಚು ಮಾಡುತ್ತಿದ್ದಿರಿ ಅಂತ ಬರೆಯಿರಿ. ‘ನೀವು’ ಅನ್ನೋ ಮಾತು ಮುಖ್ಯ. ರೆಸಾರ್ಟ್‌ನವರು ಬಫೆಯ ಪೂರ್ತಿ ಬೆಲೆ ತೋರಿಸಿ ‘ನೋಡಿ, ಪ್ಲಾನ್‌ನಲ್ಲಿ ಎಷ್ಟು ಉಳಿಯುತ್ತದೆ’ ಅನ್ನುತ್ತಾರೆ. ಬಫೆ ಅಂದರೆ ಸಾಲಾಗಿ ಇಟ್ಟದ್ದನ್ನು ಬೇಕಾದಷ್ಟು ಬಡಿಸಿಕೊಳ್ಳುವ ಊಟ. ಪ್ಲಾನ್ ಇಲ್ಲದಿದ್ದರೆ ಮೂರೂ ರಾತ್ರಿ ಬಫೆಗೇ ಹೋಗುತ್ತಿದ್ದಿರಾ? ಒಂದು ರಾತ್ರಿ ಆ ಲಾ ಕಾರ್ಟ್, ಅಂದರೆ ಮೆನು ನೋಡಿ ಬೇಕಾದ್ದನ್ನಷ್ಟೇ ತರಿಸಿಕೊಂಡು, ಕಡಿಮೆಯಲ್ಲಿ ಮುಗಿಸುತ್ತಿದ್ದಿರಿ ಅಲ್ವಾ? ಆ ಕಡಿಮೆ ಬೆಲೆಯನ್ನೇ ಬರೆಯಿರಿ.

ಹತ್ತಿರದಲ್ಲಿ ಹೊರಗಿನ ಹೋಟೆಲ್ ಇದ್ದು, ನೀವು ಅಲ್ಲಿಗೆ ಖಂಡಿತ ಹೋಗುವವರಾದರೆ ಅಲ್ಲಿನ ಬೆಲೆ ಹಾಕಿ. ಹೋಗಿ ಬರುವ ಗಾಡಿ ಖರ್ಚು ಸೇರಿಸಲು ಮರೆಯಬೇಡಿ.

ಹಂತ 4: ಮೂರು ಮೊತ್ತ ತೆಗೆದು ಪಕ್ಕಪಕ್ಕ ಇಡಿ

ಒಂದು ಉದಾಹರಣೆ ಹಾಕಿ ತೋರಿಸುತ್ತೇನೆ. ಸಂಖ್ಯೆಗಳು ಸುಮ್ನೆ ಲೆಕ್ಕಕ್ಕೆ. ನಿಮ್ಮ ಬೆಲೆಗಳನ್ನು ಇದೇ ಜಾಗದಲ್ಲಿ ಇಟ್ಟುಕೊಳ್ಳಿ.

ಇಬ್ಬರು, ಮೂರು ರಾತ್ರಿ. ಮೆನು ಪ್ರಕಾರ ತಿಂಡಿ 50, ಮಧ್ಯಾಹ್ನ 90, ರಾತ್ರಿ 110. ಕೂಡಿದರೆ ದಿನಕ್ಕೆ 250. ಮೂರು ಹೊತ್ತಿನ ಪ್ಲಾನ್ ತಲೆಗೆ ದಿನಕ್ಕೆ 220. ನೋಡಿದ ಕೂಡಲೇ 30 ಉಳಿತಾಯ ಅನಿಸುತ್ತದೆ. ತಿಂಡಿ ಮತ್ತು ರಾತ್ರಿ ಊಟದ ಪ್ಲಾನ್ 150.

ಹಾಳೆ ನೋಡೋಣ. ಮೊದಲ ದಿನ ಸಂಜೆ ತಲುಪಿ ರಾತ್ರಿ ಊಟ. ಎರಡನೇ ದಿನ ತಿಂಡಿ ತಿಂದು ಹೊರಗೆ, ರಾತ್ರಿ ವಾಪಸ್. ಮೂರನೇ ದಿನ ರೆಸಾರ್ಟ್‌ನಲ್ಲೇ, ಮೂರೂ ಹೊತ್ತು. ನಾಲ್ಕನೇ ದಿನ ತಿಂಡಿ ತಿಂದು ಹೊರಡುವುದು. ಒಟ್ಟು ತಲಾ ಮೂರು ತಿಂಡಿ, ಒಂದು ಮಧ್ಯಾಹ್ನ, ಮೂರು ರಾತ್ರಿ.

ಮೂರು ಹೊತ್ತಿನ ಪ್ಲಾನ್ ತಗೊಂಡರೆ 220ನ್ನು ಮೂರು ರಾತ್ರಿ ಮತ್ತು ಇಬ್ಬರಿಂದ ಗುಣಿಸಿ: 1,320. ಪ್ಲಾನ್ ಇಲ್ಲದೆ ತಿಂದದ್ದಕ್ಕೆ ಮಾತ್ರ ಕೊಟ್ಟರೆ ತಲಾ 570, ಇಬ್ಬರಿಗೆ 1,140. ಎರಡು ಹೊತ್ತಿನ ಪ್ಲಾನ್ ತಗೊಂಡು ಮೂರನೇ ದಿನದ ಮಧ್ಯಾಹ್ನದ ಊಟವನ್ನು ಬೇರೆ ಕೊಂಡರೆ 900ಕ್ಕೆ 180 ಸೇರಿ 1,080.

ದಿನಕ್ಕೆ 30 ಉಳಿಸುತ್ತೇನೆ ಅಂದ ಪ್ಲಾನ್ ಕೊನೆಗೆ 180 ಜಾಸ್ತಿ ಕೀಳುತ್ತಿದೆ. ಆ ದುಡ್ಡು ಹೋದದ್ದು ತಿನ್ನದೇ ಬಿಟ್ಟ ಎರಡು ಮಧ್ಯಾಹ್ನದ ಊಟಗಳಿಗೆ. ಹೆಚ್ಚಿನ ಪ್ರವಾಸಗಳಲ್ಲಿ ತೂತು ಇರುವುದು ಮಧ್ಯಾಹ್ನದ ಕಾಲಂನಲ್ಲೇ. ಅದಕ್ಕೇ ಸುತ್ತಾಡುವವರಿಗೆ ನಾನು ಎರಡು ಹೊತ್ತಿನ ಪ್ಲಾನನ್ನೇ ಮೊದಲು ನೋಡಿ ಅನ್ನುತ್ತೇನೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. ಒಂದು ರಾತ್ರಿ ಹಸಿವು ಕಡಿಮೆ, 110ರ ಬದಲು 60ರಲ್ಲಿ ಮುಗಿಸುತ್ತೀರಿ ಅಂದುಕೊಳ್ಳಿ. ಆಗ ಪ್ಲಾನ್ ಇಲ್ಲದ ಮೊತ್ತ 1,040ಕ್ಕೆ ಇಳಿಯುತ್ತದೆ. ಎರಡು ಹೊತ್ತಿನ ಪ್ಲಾನ್‌ಗಿಂತಲೂ ಕಡಿಮೆ. ಇಷ್ಟು ಹತ್ತಿರದ ವ್ಯತ್ಯಾಸ ಬಂದರೆ ದುಡ್ಡಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಯಾವುದು ಆರಾಮ ಅನಿಸುತ್ತದೋ ಅದನ್ನು ತಗೊಳ್ಳಿ. ವ್ಯತ್ಯಾಸ ದೊಡ್ಡದಾಗಿದ್ದರೆ ಮಾತ್ರ ಹಾಳೆಯ ಮಾತು ಕೇಳಿ.

ಹಂತ 5: ಒಳಗೊಳಗೇ ಸೇರುವ ಖರ್ಚುಗಳನ್ನು ಕೇಳಿ ತಿಳಿಯಿರಿ

ಬೆಲೆಯ ಮುಂದೆ ಎರಡು ಕೂಡು ಚಿಹ್ನೆ ಇದೆಯಾ ನೋಡಿ. ಹೋಟೆಲ್‌ನವರು ಅದನ್ನು ‘ಪ್ಲಸ್ ಪ್ಲಸ್’ ಅನ್ನುತ್ತಾರೆ. ಸರ್ವಿಸ್ ಚಾರ್ಜ್ ಮತ್ತು ತೆರಿಗೆ ಎರಡೂ ಇದರ ಮೇಲೆ ಬರುತ್ತವೆ ಅಂತ ಅರ್ಥ. ಎರಡೂ ಶೇ. 10 ಅಂದುಕೊಂಡರೆ 220 ಮೊದಲು 242 ಆಗುತ್ತದೆ. ಅದರ ಮೇಲೆ ತೆರಿಗೆ ಬಿದ್ದರೆ 266 ದಾಟುತ್ತದೆ. ಪ್ಲಾನ್ ಬೆಲೆಯಲ್ಲಿ ತೆರಿಗೆ ಸೇರಿದ್ದು, ಮೆನು ಬೆಲೆಯಲ್ಲಿ ಸೇರಿಲ್ಲದಿದ್ದರೆ ಹಂತ 4ರ ಲೆಕ್ಕ ತಲೆಕೆಳಗಾಗುತ್ತದೆ. ಎರಡನ್ನೂ ಒಂದೇ ಥರ ಮಾಡಿಕೊಂಡು ಹೋಲಿಸಿ.

ಆಮೇಲೆ ಪಾನೀಯ. ಆಲ್ ಇನ್‌ಕ್ಲೂಸಿವ್ ಬಿಟ್ಟು ಉಳಿದ ಪ್ಲಾನ್‌ಗಳಲ್ಲಿ ಊಟದ ಜೊತೆಗಿನ ಪಾನೀಯ ಸಾಮಾನ್ಯವಾಗಿ ಸೇರಿರುವುದಿಲ್ಲ. ತಿಂಡಿಯ ಜೊತೆ ಕಾಫಿ ಚಹಾ ಸಿಗುತ್ತದೆ. ರಾತ್ರಿ ಊಟಕ್ಕೆ ಕೂತಾಗ ಟೇಬಲ್ ಮೇಲೆ ಇಟ್ಟಿರುವ ನೀರಿನ ಬಾಟಲಿಯ ಸೀಲ್ ಒಡೆದರೆ ಅದು ಬಿಲ್‌ಗೆ ಹೋಗಬಹುದು. ‘ಕುಡಿಯುವ ನೀರು ಸೇರಿದೆಯಾ?’ ಅಂತ ಒಂದು ಸಲ ಕೇಳಿ ಸಾಕು.

ಊಟ ಎಲ್ಲಿ, ಹೇಗೆ ಅನ್ನೋದನ್ನೂ ಕೇಳಿ. ಒಂದೇ ಕ್ಯಾಂಪಸ್‌ನಲ್ಲಿ ನಾಲ್ಕು ರೆಸ್ಟೋರೆಂಟ್ ಇರುತ್ತವೆ, ನಿಮ್ಮ ಪ್ಲಾನ್ ನಡೆಯುವುದು ಒಂದರಲ್ಲಿ ಮಾತ್ರ. ಉಳಿದಕಡೆ ಹೋದರೆ ಸಪ್ಲಿಮೆಂಟ್, ಅಂದರೆ ಮೇಲುದುಡ್ಡು, ಕೇಳುತ್ತಾರೆ. ಇನ್ನೊಂದು ವಿಷಯ ತುಂಬ ಜನರಿಗೆ ಗೊತ್ತಿರುವುದಿಲ್ಲ. ಜನ ಕಡಿಮೆ ಇರುವ ದಿನಗಳಲ್ಲಿ ಬಫೆ ಹಾಕುವುದಿಲ್ಲ, ಅದರ ಬದಲು ಫಿಕ್ಸೆಡ್ ಮೆನು ಕೊಡುತ್ತಾರೆ. ಅವರು ಆರಿಸಿದ ನಾಲ್ಕೈದು ಪದಾರ್ಥ, ಅಷ್ಟೇ. ದೊಡ್ಡ ಬಫೆಯ ಫೋಟೋ ನೋಡಿ ಹೋದವರಿಗೆ ಇದು ನಿರಾಸೆ. ಸೀಸನ್ ಅಲ್ಲದ ಸಮಯದಲ್ಲಿ, ವಾರದ ನಡುವೆ ಹೋಗುವವರು ಇದನ್ನು ಕೇಳಲೇಬೇಕು. ವಾರಗಟ್ಟಲೆ ಇರುವವರು ಮೆನು ಎಷ್ಟು ದಿನಕ್ಕೊಮ್ಮೆ ತಿರುಗುತ್ತದೆ ಅಂತಲೂ ಕೇಳಿ. ಮೂರು ದಿನಕ್ಕೆ ತಿರುಗುವ ಮೆನುವಿನಲ್ಲಿ ಏಳು ದಿನ ತಿನ್ನುವುದು ಕಷ್ಟ.

ಡಿಸೆಂಬರ್ 24 ಅಥವಾ 31ರ ರಾತ್ರಿ ಅಲ್ಲಿದ್ದರೆ ಗಾಲಾ ಡಿನ್ನರ್, ಅಂದರೆ ಆ ರಾತ್ರಿಯ ವಿಶೇಷ ಔತಣ, ಕಡ್ಡಾಯವೇ ಎಂದು ವಿಚಾರಿಸಿ. ಅನೇಕ ರೆಸಾರ್ಟ್‌ಗಳು ಅದಕ್ಕೆ ಬೇರೆ ದುಡ್ಡು ತಗೊಳ್ಳುತ್ತವೆ, ಪ್ಲಾನ್ ಇದ್ದವರಿಂದಲೂ.

ಹಂತ 6: ಮಕ್ಕಳು, ಹಿರಿಯರು, ಪಥ್ಯ

ಮಕ್ಕಳಿಗೆ ವಯಸ್ಸಿನ ಮೇಲೆ ಬೆಲೆ. ಇಷ್ಟು ವರ್ಷದ ತನಕ ಉಚಿತ, ಇಷ್ಟರಿಂದ ಇಷ್ಟಕ್ಕೆ ಅರ್ಧ, ಆಮೇಲೆ ಪೂರ್ತಿ. ಗೆರೆ ಎಲ್ಲಿ ಎಳೆಯುತ್ತಾರೆ ಅನ್ನೋದು ಒಂದೊಂದು ಕಡೆ ಒಂದೊಂದು ಥರ. ‘12 ವರ್ಷ’ ಅಂದರೆ 12 ತುಂಬುವ ತನಕವೋ, 12 ಮುಗಿಯುವ ತನಕವೋ? ಕೇಳಿ. ಇದೊಂದೇ ಪದದ ಮೇಲೆ ಒಂದು ಪೂರ್ತಿ ತಲೆಯ ದುಡ್ಡು ನಿಂತಿರುತ್ತದೆ.

ರೂಮಿನಲ್ಲಿ ಇರುವವರೆಲ್ಲ ಒಂದೇ ಪ್ಲಾನ್ ತಗೊಳ್ಳಬೇಕು, ಎಲ್ಲ ರಾತ್ರಿಗೂ ತಗೊಳ್ಳಬೇಕು ಅನ್ನುವ ನಿಯಮ ಹಲವು ಕಡೆ ಇದೆ. ಹಾಗಿದ್ದರೆ ಕಡಿಮೆ ತಿನ್ನುವ ಅಜ್ಜಿಗೂ ಪೂರ್ತಿ ದುಡ್ಡು. ಅಜ್ಜಿಯ ಸಾಲನ್ನೂ ಹಾಳೆಯಲ್ಲಿ ಬೇರೆಯಾಗಿ ಬರೆಯಿರಿ.

ಸಕ್ಕರೆ ಕಾಯಿಲೆ ಇರುವವರು, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗುವವರು ಜೊತೆಗಿದ್ದರೆ ಬೆಲೆಗಿಂತ ಸಮಯ ಮುಖ್ಯ. ರಾತ್ರಿ ಊಟ ಎಂಟೂವರೆಗೆ ಶುರುವಾಗುವ ಜಾಗದಲ್ಲಿ ಏಳಕ್ಕೆ ತಿನ್ನಬೇಕಾದವರು ಒದ್ದಾಡುತ್ತಾರೆ. ಅವರಿಗೆ ಮೊದಲೇ ಬಡಿಸುತ್ತೀರಾ ಅಂತ ಕೇಳಿ, ಒಪ್ಪಿದರೆ ಬರಹದಲ್ಲಿ ತಗೊಳ್ಳಿ. ಯಾವುದಾದರೂ ಪದಾರ್ಥ ಅಲರ್ಜಿ ಇದ್ದರೆ ಬಫೆಯಲ್ಲಿ ಜಾಸ್ತಿ ಎಚ್ಚರ ಬೇಕು. ಒಂದು ಪಾತ್ರೆಯ ಸೌಟನ್ನು ಇನ್ನೊಂದಕ್ಕೆ ಹಾಕುವವರು ಇದ್ದೇ ಇರುತ್ತಾರೆ. ಅಂಥವರಿಗೆ ಅಡುಗೆಮನೆಗೆ ಹೇಳಿ ಬೇರೆ ಮಾಡಿಸಿಕೊಳ್ಳುವುದೇ ಕ್ಷೇಮ. ಅದು ಪ್ಲಾನ್ ಒಳಗೆ ಸಾಧ್ಯವಾ ಅಂತ ವಿಚಾರಿಸಿ.

ಹಂತ 7: ಜಾಗವನ್ನೂ ನಿಮ್ಮ ಸ್ವಭಾವವನ್ನೂ ನೋಡಿ

ಕಾಡಿನ ನಡುವೆಯೋ, ದ್ವೀಪದಲ್ಲೋ, ಸುತ್ತ ಏನೂ ಸಿಗದ ಜಾಗದಲ್ಲೋ ಇರುವ ರೆಸಾರ್ಟ್ ಆದರೆ ಹೆಚ್ಚು ಯೋಚಿಸಬೇಡಿ, ಪ್ಲಾನ್ ತಗೊಳ್ಳಿ. ಅಂಥ ಕಡೆ ಎಲ್ಲರೂ ಪ್ಲಾನ್‌ನಲ್ಲೇ ಇರುತ್ತಾರೆ. ಅಡುಗೆಯೂ ಅಷ್ಟು ಜನರ ಲೆಕ್ಕಕ್ಕೇ ಆಗುತ್ತದೆ. ಪ್ಲಾನ್ ಇಲ್ಲದೆ ಹೋದವರು ಹೇಳಿದ ಬೆಲೆಗೆ ಸಿಕ್ಕಿದ್ದನ್ನು ತಿನ್ನಬೇಕಾಗುತ್ತದೆ. ಹತ್ತು ನಿಮಿಷ ನಡೆದರೆ ಪೇಟೆ ಸಿಗುವ ಕಡೆಯಾದರೆ ತಿಂಡಿ ಮಾತ್ರ ಸೇರಿದ ಪ್ಲಾನ್ ಸಾಕು. ಬೆಳಿಗ್ಗೆ ಯಾರಿಗೂ ಹೊರಗೆ ಹುಡುಕಿಕೊಂಡು ಹೋಗುವ ಉತ್ಸಾಹ ಇರುವುದಿಲ್ಲ.

ಸ್ವಭಾವದ ವಿಷಯ ಸ್ವಲ್ಪ ಸೂಕ್ಷ್ಮ. ಪ್ರತಿ ಸಲ ಮೆನು ತೆಗೆದಾಗ ಬಲಗಡೆಯ ಬೆಲೆ ನೋಡಿ ಮನಸ್ಸು ಚಿಕ್ಕದಾಗುವವರು ಇದ್ದಾರೆ. ಅವರಿಗೆ ಸ್ವಲ್ಪ ಜಾಸ್ತಿ ಹೋದರೂ ಮೊದಲೇ ಕಟ್ಟಿಬಿಡುವುದು ಒಳ್ಳೆಯದು. ರಜೆಯ ನೆಮ್ಮದಿಗೂ ಬೆಲೆ ಇದೆ. ಆದರೆ ನಾವು ನಮ್ಮ ಬಗ್ಗೆ ಹಾಕುವ ಅಂದಾಜು ಯಾವಾಗಲೂ ಮೇಲೇ ಇರುತ್ತದೆ. ಸ್ಟೆಫಾನೊ ಡೆಲ್ಲಾವಿಗ್ನಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಜಿಮ್ ಸದಸ್ಯರ ಬಗ್ಗೆ 2006ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಹತ್ತು ಸಲದ ಪಾಸ್ ಕೊಂಡಿದ್ದರೆ ಒಂದು ಸಲಕ್ಕೆ 10 ಡಾಲರ್ ಆಗುತ್ತಿತ್ತು. ತಿಂಗಳ ಶುಲ್ಕ ಕಟ್ಟಿದವರು ಹೋದದ್ದೇ ಕಡಿಮೆ, ಹಾಗಾಗಿ ಅವರಿಗೆ ಒಂದು ಸಲಕ್ಕೆ 17 ಡಾಲರ್‌ಗಿಂತ ಜಾಸ್ತಿ ಬಿದ್ದಿತ್ತು. ಊಟದ ಪ್ಲಾನ್‌ನಲ್ಲೂ ನಾವು ಹಾಗೇ ಮಾಡುತ್ತೇವೆ. ‘ದಿನಾ ಮೂರು ಹೊತ್ತೂ ಚೆನ್ನಾಗಿ ತಿನ್ನುತ್ತೇವೆ’ ಅಂತ ಮನೆಯಲ್ಲಿ ಕೂತು ಅಂದುಕೊಳ್ಳುತ್ತೇವೆ. ಅಲ್ಲಿ ಹೋದಾಗ ತಿಂಡಿಯೇ ಭಾರವಾಗಿ ಮಧ್ಯಾಹ್ನ ನಿದ್ದೆ ಹೊಡೆಯುತ್ತೇವೆ.

ಇನ್ನೊಂದು ಅಪಾಯ ಇದರ ಉಲ್ಟಾ. ದುಡ್ಡು ಕಟ್ಟಿದ್ದೇವೆ, ಬಿಡಬಾರದು ಅಂತ ಹಸಿವಿಲ್ಲದೆಯೂ ತಿನ್ನುವುದು. ಕೊಟ್ಟ ದುಡ್ಡು ತಿಂದರೂ ಬರುವುದಿಲ್ಲ, ಬಿಟ್ಟರೂ ಬರುವುದಿಲ್ಲ. ಹೊಟ್ಟೆ ಕೆಟ್ಟರೆ ಮಾರನೇ ದಿನದ ಸುತ್ತಾಟವೂ ಹೋಗುತ್ತದೆ. ಈ ಬುದ್ಧಿ ನಿಮಗಿದೆ ಅಂತ ಅನಿಸಿದರೆ ಚಿಕ್ಕ ಪ್ಲಾನ್ ಆರಿಸಿಕೊಳ್ಳಿ.

ಹಂತ 8: ಕಟ್ಟುವ ಮುಂಚೆ, ತಲುಪಿದ ಮೇಲೆ

ಪ್ಲಾನನ್ನು ಆಮೇಲೆ ಸೇರಿಸಬಹುದಾ ಅಂತ ಮೊದಲೇ ಕೇಳಿಕೊಳ್ಳಿ. ಅಲ್ಲಿ ಹೋದ ಮೇಲೂ ಅದೇ ಬೆಲೆಗೆ ಕೊಡುತ್ತಾರೆ ಅಂದರೆ ಮೊದಲೇ ಕಟ್ಟುವ ಅಗತ್ಯವೇ ಇಲ್ಲ. ಒಂದು ರಾತ್ರಿ ಊಟ ಮಾಡಿ ರುಚಿ ನೋಡಿ, ಆಮೇಲೆ ತೀರ್ಮಾನಿಸಿ. ತೆಗೆಯಬಹುದಾ, ಎಷ್ಟು ದಿನ ಮುಂಚೆ ಹೇಳಬೇಕು, ಪೂರ್ತಿ ದುಡ್ಡು ವಾಪಸ್ ಬರುತ್ತದಾ ಅನ್ನೋದನ್ನೂ ಕೇಳಿ. ತಿನ್ನದ ಊಟಕ್ಕೆ ದುಡ್ಡು ವಾಪಸ್ ಕೊಡುವ ಜಾಗ ಬಹಳ ಕಡಿಮೆ. ಆದರೆ ಬೇಗ ಹೊರಡುವವರಿಗೆ ಬೆಳಗಿನ ತಿಂಡಿ ಕಟ್ಟಿಕೊಡುವ ಕಡೆಗಳಿವೆ. ಮೊದಲ ದಿನ ತಪ್ಪಿದ ಮಧ್ಯಾಹ್ನದ ಊಟವನ್ನು ಕೊನೆಯ ದಿನಕ್ಕೆ ಬದಲಿಸಿಕೊಡುವವರೂ ಇದ್ದಾರೆ. ಹಿಂದಿನ ರಾತ್ರಿಯೇ ರಿಸೆಪ್ಷನ್‌ಗೆ ಹೇಳಬೇಕು ಅಷ್ಟೇ. ಕೇಳದಿದ್ದರೆ ಅವರಾಗಿ ಕೊಡುವುದಿಲ್ಲ.

ಫೋನ್‌ನಲ್ಲಿ ಹೇಳಿದ ಮಾತು ರಿಸೆಪ್ಷನ್‌ನಲ್ಲಿ ನಡೆಯದು. ಒಪ್ಪಿದ್ದನ್ನು ಇಮೇಲ್ ಅಥವಾ ಮೆಸೇಜ್‌ನಲ್ಲಿ ಬರೆಸಿಕೊಳ್ಳಿ. ವೋಚರ್, ಅಂದರೆ ಬುಕಿಂಗ್ ಚೀಟಿಯಲ್ಲಿ ಪ್ಲಾನ್ ಹೆಸರು ಸರಿಯಾಗಿ ಬಿದ್ದಿದೆಯಾ ನೋಡಿ. ಬೇರೆ ವೆಬ್‌ಸೈಟ್ ಮೂಲಕ ಬುಕ್ ಮಾಡಿದವರು ಹೊರಡುವ ಎರಡು ದಿನ ಮುಂಚೆ ರೆಸಾರ್ಟ್‌ಗೇ ಫೋನ್ ಮಾಡಿ ‘ನಿಮ್ಮಲ್ಲಿ ಯಾವ ಪ್ಲಾನ್ ಅಂತ ಬಂದಿದೆ?’ ಎಂದು ಕೇಳಿ. ಎಂಎಪಿ ಅಂತ ಕಟ್ಟಿ, ಅಲ್ಲಿ ಸಿಪಿ ಅಂತ ಬಂದಿದ್ದರೆ ಸರಿಪಡಿಸಲು ಅದೇ ಸಮಯ.

ಹಾಳೆಯನ್ನು ಬಿಸಾಡಬೇಡಿ, ಜೊತೆಗೆ ಒಯ್ಯಿರಿ. ಪ್ರತಿ ಊಟ ಆದ ಮೇಲೆ ಆ ಚೌಕಕ್ಕೆ ಒಂದು ಗೆರೆ ಎಳೆಯಿರಿ. ಊಟದ ಹಾಲ್‌ನಲ್ಲಿ ಬಿಲ್‌ಗೆ ಸಹಿ ಮಾಡಿಸಿಕೊಂಡರೆ ಮೊತ್ತ ಸೊನ್ನೆ ಇದೆಯಾ, ಇಲ್ಲದಿದ್ದರೆ ಯಾವುದಕ್ಕೆ ಹಾಕಿದ್ದಾರೆ ಅಂತ ಅಲ್ಲೇ ಓದಿ, ಫೋಟೋ ತೆಗೆದಿಟ್ಟುಕೊಳ್ಳಿ. ಹೊರಡುವ ದಿನದ ಬೆಳಿಗ್ಗೆ ರಿಸೆಪ್ಷನ್‌ನಲ್ಲಿ ಗದ್ದಲ ಇರುತ್ತದೆ, ನಿಮಗೂ ಗಾಡಿಯ ಅವಸರ. ಅದಕ್ಕೇ ಹಿಂದಿನ ರಾತ್ರಿ ಊಟ ಮುಗಿಸಿ ಬರುವಾಗಲೇ ಅಲ್ಲಿಯ ತನಕದ ಬಿಲ್ ಕೇಳಿ ತಗೊಳ್ಳಿ. ರೂಮಿಗೆ ಹೋಗಿ ಹಾಳೆಯ ಪಕ್ಕ ಇಟ್ಟು ಒಂದೊಂದೇ ಸಾಲು ನೋಡಿ. ಪ್ಲಾನ್ ಒಳಗಿನ ಊಟ ಬಿಲ್‌ನಲ್ಲಿ ಬಿದ್ದಿದ್ದರೆ ಆಗಲೇ ಹೇಳಿ ತೆಗೆಸಿಬಿಡಿ.